ಹೊಳೆಮತ್ತಿಯ ಮೇಲಿನ ಗೂಡು ಯಾರದು?

ಇವತ್ತು ಬೆಳಿಗ್ಗೆ ತಾರಸಿಯ ತಂತಿಯ ಮೇಲೆ ಒಣಹಾಕಿದ್ದ ನನ್ನ ಬನಿಯನ್ನನ್ನು ಹದ್ದೊಂದು ಎತ್ತಿಕೊಂಡು ಹೋಯಿತು. ಹೊಸದೇನಲ್ಲ, ಬೆನ್ನಿನ ಕಡೆ ಜಾಲರಿಯಾಗಿದ್ದ ಹಳೇ ಬನಿಯನ್. ಅದನ್ನು ನೆಲ ಒರೆಸುವ ಬಟ್ಟೆಯ ಪದವಿಗೆ ಇಳಿಸಬೇಕೆಂದು ನನ್ನ ಹೆಂಡತಿ ಒಂದು ವರ್ಷದಿಂದ ಹೊಂಚು ಹಾಕಿದ್ದಳು, ನಾನು ಬಿಟ್ಟುಕೊಟ್ಟಿರಲಿಲ್ಲ. ಹದ್ದು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕ್ಲಿಪ್ಪಿನ ಸಮೇತ ಎತ್ತಿಕೊಂಡು ಹೋಗಿ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು, ಕ್ಲಿಪ್ಪನ್ನು ಕೊಕ್ಕಿನಿಂದ ಬಿಡಿಸಿ ಬಿಸಾಡಿ, ಬನಿಯನ್ನನ್ನು ಮಾತ್ರ ತೆಗೆದುಕೊಂಡು ಹಾರಿತು. ಹೆಂಡತಿಗೆ ಹೇಳಿದರೆ, ಪಕ್ಷಿಗಾದರೂ ಬುದ್ಧಿ ಇದೆಯಲ್ಲ ಎಂದು ಸಂತೋಷಪಟ್ಟಳು.

ಚಳಿ ಕಳೆಯುತ್ತಿರುವ ಈ ದಿನಗಳಲ್ಲಿ ಹದ್ದುಗಳು ಗೂಡು ಕಟ್ಟುತ್ತವೆ. ಕಡ್ಡಿ ಜೋಡಿಸಿದ ಮೇಲೆ ಒಳಗೆ ಹಾಸಲು ಅವಕ್ಕೆ ಚಿಂದಿ ಬೇಕು. ನನ್ನ ಬನಿಯನ್ ಎಲ್ಲೋ ಒಂದು ಕಡೆ ಹದ್ದಿನ ಮರಿಗೆ ಹಾಸಿಗೆಯಾಗುತ್ತದೆ ಎಂದು ನಾನೂ ನಕ್ಕೆ. ನಕ್ಕು ತಿಂಡಿಗೆ ಕೂತವನು ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಸರಿಸಿದೆ. ಚಿಂದಿ ಎಂದ ಕೂಡಲೇ ಹೊಂಬಾಳಮ್ಮ ನೆನಪಾದರು. ನಾಲ್ಕು ವರ್ಷದಿಂದ ಆ ಹೆಸರನ್ನು ಮನಸ್ಸಿನ ಹಿತ್ತಲಿಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದೆ. ಈ ಕಥೆಯಲ್ಲಿ ನಾನು ಅನೇಕರನ್ನು ಹೀನಾಯವಾಗಿ ಆಡಿಕೊಳ್ಳುತ್ತೇನೆ, ಓದುಗರು ಸಹಿಸಿಕೊಳ್ಳಬೇಕು. ಅವರೆಲ್ಲರಿಗಿಂತ ಹೀನಾಯವಾಗಿ ಆಡಿಸಿಕೊಳ್ಳಬೇಕಾದವನು ಯಾರು ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಇಟ್ಟಮಡು ದಾಟಿ, ರಿಂಗ್ ರಸ್ತೆ ದಾಟಿ, ಮೈಸೂರು ರಸ್ತೆಯ ಕಡೆಗೆ ಇಳಿಯುವಲ್ಲಿ ನಮ್ಮ ಬಡಾವಣೆ. ಅದರ ಬೆನ್ನಿಗೆ ವೃಷಭಾವತಿ. ಬಸವನಗುಡಿಯಲ್ಲಿ ಬಸವನ ಪಾದದಡಿ ಹುಟ್ಟಿದ ಪುಣ್ಯನದಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹುಟ್ಟಿದ್ದು ಪಾದದಡಿಯಾದರೂ ಬೆಳೆದದ್ದು ನಮ್ಮೆಲ್ಲರ ಬಚ್ಚಲಿನಡಿ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರ ಬಣ್ಣ ಕಪ್ಪು, ಮಳೆ ಬಂದ ಮಾರನೆಯ ದಿನ ಮೇಲೆ ಮಂಚದೆತ್ತರದ ನೊರೆ. ಅದನ್ನು ನದಿ ಎಂದು ಕರೆಯುತ್ತಿದ್ದದ್ದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್ ಒಂದೇ. ಮನೆ ಮಾರುವವರು 'ರಿವರ್ ವ್ಯೂ' ಎನ್ನುತ್ತಿದ್ದರು, ಮನೆ ಕೊಂಡವರು ಕಿಟಕಿಗೆ ಗಾಜು ಜಡಿಸುತ್ತಿದ್ದರು.

ಇಂಥ ನದಿಯ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಪಕ್ಷಿ ನೋಡುವ ಒಂದು ಬಳಗವಿತ್ತು. ಮಾಸ್ಕಿನ ಕಾಲ ಮುಗಿದು ಊರೆಲ್ಲ ಮೂಗು ಬಿಟ್ಟುಕೊಂಡು ಓಡಾಡುತ್ತಿದ್ದಾಗಲೂ ಈ ಬಳಗ ಮಾಸ್ಕ್ ಬಿಟ್ಟಿರಲಿಲ್ಲ. ಪ್ರಕೃತಿಯ ಮಡಿಲಿಗೆ ಹೋಗುವಾಗ ಮೂಗು ಮುಚ್ಚಿಕೊಳ್ಳಬೇಕಾಗಿತ್ತು. ಮೊಳದುದ್ದದ ಲೆನ್ಸಿನ ಕ್ಯಾಮೆರಾ, ಎಲೆ ಬಣ್ಣದ ಟೋಪಿ, ಹನ್ನೆರಡು ಜೇಬಿನ ಅಂಗಿ. ಅರ್ಧ ಗಂಟೆ ಪಕ್ಷಿ, ಒಂದು ಗಂಟೆ ಇಡ್ಲಿ ವಡೆ. ನಾನೂ ಹೋಗುತ್ತಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನ್ನನ್ನು ಇವರು ಗುರುವಾಗಿ ಸ್ವೀಕರಿಸುತ್ತಾರೆ ಎಂಬ ಆಸೆ ನನಗಿತ್ತು. ಅವರಿಗೆ ಆಗಲೇ ಒಬ್ಬ ಗುರು ಸಿಕ್ಕಿದ್ದ. ಅದು ಅವರ ಜೇಬಿನಲ್ಲಿದ್ದ ಫೋನು.

ದಂಡೆಯ ಮೇಲೆ ಒಂದು ದೊಡ್ಡ ಹೊಳೆಮತ್ತಿ ಮರವಿತ್ತು. ನೀರಿನ ಪಸೆ ಇದ್ದಲ್ಲಿ ಬೆಳೆಯುವ, ನುಣುಪಾದ ಬಿಳಿ ತೊಗಟೆಯ ಎತ್ತರದ ಮರ. ಆ ನೀರನ್ನು ಕುಡಿದೂ ಅದು ಬದುಕಿದ್ದು ನನಗೆ ಇವತ್ತಿಗೂ ಆಶ್ಚರ್ಯ. ಅದರ ತುದಿಯ ಕವಲಿನಲ್ಲಿ ಬಿದಿರು ಮಂಕರಿಯಷ್ಟು ದೊಡ್ಡ ಗೂಡು. ಮೊದಲ ಸಲ ಅದನ್ನು ಕಂಡಾಗ ಬಳಗದವರೊಬ್ಬರು ಫೋಟೊ ತೆಗೆದು ಫೋನಿಗೆ ತೋರಿಸಿದರು. ಇದು ಅಮೆರಿಕದ ಬೋಳುತಲೆ ಹದ್ದಿನ ಗೂಡು ಎಂದಿತು ಫೋನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅಷ್ಟು ದೂರದಿಂದ ಆ ಹಕ್ಕಿ ನಮ್ಮ ಮೋರಿಯ ವಾಸನೆ ಕುಡಿಯಲು ಯಾಕೆ ಬಂತು ಎಂಬ ಅನುಮಾನ ಒಬ್ಬರಿಗೂ ಬರಲಿಲ್ಲ. ಒಂದು ವಾರ ಇಡೀ ಬಡಾವಣೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಎದೆಯುಬ್ಬಿಸಿ ಓಡಾಡಿತು.

ದೊಡ್ಡ ಗೂಡನ್ನು ಗುರುತಿಸುವುದಕ್ಕೆ ಒಂದು ಕ್ರಮವಿದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು, ಮೊದಲು ತಲೆ ಎತ್ತಬೇಡಿ, ನೆಲ ನೋಡಿ ಎಂದು. ಬುಡದಲ್ಲಿ ಮೀನಿನ ಮುಳ್ಳು ಬಿದ್ದಿದೆಯೋ, ಕೋಳಿಯ ಕಾಲು ಬಿದ್ದಿದೆಯೋ? ಸುಣ್ಣ ಚೆಲ್ಲಿದ ಹಾಗೆ ಮರದಡಿ ಪೂರ್ತಿ ಹಿಕ್ಕೆಯಿದ್ದರೆ ಅದು ಗುಂಪಾಗಿ ಇರುವ ಕೊಕ್ಕರೆ, ಬೆಳ್ಳಕ್ಕಿಗಳ ಕೇರಿ. ಒಂದೇ ಕಡೆ ಹಿಕ್ಕೆ, ಒಂದೇ ಗೂಡು, ಕಡ್ಡಿ ಹೆಬ್ಬೆರಳು ಗಾತ್ರದ್ದು ಎಂದರೆ ಬೇಟೆಯ ಹಕ್ಕಿ. ಆಮೇಲೆ ಗೂಡಿನ ಅಂಚು ನೋಡಬೇಕು. ಪ್ಲಾಸ್ಟಿಕ್ಕು, ಹಗ್ಗ, ಹರಕು ಬಟ್ಟೆ ಜೋತಾಡುತ್ತಿದ್ದರೆ ನಮ್ಮೂರ ಸಾಮಾನ್ಯ ಹದ್ದು ಎಂದು ಬಹುಮಟ್ಟಿಗೆ ಹೇಳಬಹುದು. ಕೊನೆಗೆ ಹಕ್ಕಿಯೇ ಬರುವವರೆಗೂ ಕಾಯಬೇಕು. ಬಾಲ ಕವಲೊಡೆದಿದ್ದರೆ ಹದ್ದು. ಬಾಲದ ತುದಿ ದುಂಡಗಿದ್ದು, ಮೈ ಕೆಂಪಗೆ, ತಲೆ ಎದೆ ಬೆಳ್ಳಗಿದ್ದರೆ ಗರುಡ. ಇಷ್ಟೇ ವಿದ್ಯೆ. ಕಾಯುವ ತಾಳ್ಮೆಯೊಂದು ಇದ್ದರೆ ಯಾರಿಗಾದರೂ ಬರುತ್ತದೆ. ನಮ್ಮ ಬಳಗಕ್ಕೆ ಇಡ್ಲಿ ಆರುತ್ತಿತ್ತು.

ಅಮೆರಿಕದ ಹದ್ದನ್ನು ಪದಚ್ಯುತಗೊಳಿಸಿದವರು ಹೊಂಬಾಳಮ್ಮ. ಅರವತ್ತೈದು ದಾಟಿದ ಹೆಂಗಸು. ಬಡಾವಣೆ ಆಗುವ ಮೊದಲು ಆ ದಂಡೆಯ ಹೊಲ ಅವರ ಮನೆಯವರದಾಗಿತ್ತು. ಹೊಲ ಹೋಗಿ ಇಟ್ಟಮಡುವಿನಲ್ಲಿ ಮೂರಂತಸ್ತಿನ ಕಟ್ಟಡ ಬಂದಿತ್ತು, ಮೇಲಿನೆರಡು ಅಂತಸ್ತು ಬಾಡಿಗೆಗೆ. ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದಾದ ಆ ಹೆಂಗಸು ದಿನಾ ಬೆಳಿಗ್ಗೆ ಒಂದು ಹಸು ಹೊಡೆದುಕೊಂಡು ಬಂದು, ಆ ಮರಕ್ಕೆ ಕಟ್ಟಿ, ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಮಧ್ಯಾಹ್ನದವರೆಗೂ ಕೂರುತ್ತಿದ್ದರು. ಯಾಕೆ ಇಲ್ಲೇ ಕೂರುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಹೊಲದ್ದು ಅಂತ ಇದೊಂದೇ ಉಳಿದಿರೋದು ಎಂದರು. ನಾನು ತಲೆಯಾಡಿಸಿ ದುರ್ಬೀನು ಕಣ್ಣಿಗಿಟ್ಟುಕೊಂಡೆ.

ಒಂದು ಭಾನುವಾರ ಬಳಗದವರು ಅವರ ತಲೆಯ ಮೇಲೆಯೇ ಲೆನ್ಸು ಚಾಚಿ ಅಮೆರಿಕದ ಚರ್ಚೆ ನಡೆಸಿದ್ದಾಗ ಹೊಂಬಾಳಮ್ಮ ಎಲೆ ಅಡಿಕೆ ಮೆಲ್ಲುತ್ತಾ, ಅದು ಗರುಡ ಕಣ್ರಪ್ಪ, ನಮ್ಮ ಮಾವನ ಕಾಲದಿಂದ ಇಲ್ಲೇ ಗೂಡು ಕಟ್ಟುತ್ತೆ ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ವಾಕಿಂಗ್ ಹೋಗುವವರೆಲ್ಲ ಮರದ ಹತ್ತಿರ ಬಂದಾಗ ಚಪ್ಪಲಿ ಬಿಟ್ಟು, ಆಕಾಶ ನೋಡಿ, ಎರಡೂ ಕೆನ್ನೆಗೆ ಬಡಿದುಕೊಳ್ಳತೊಡಗಿದರು. ಹಿಂದಿನ ವಾರ ಬೋಳುತಲೆಯ ಹದ್ದಾಗಿದ್ದದ್ದು ಈ ವಾರ ವಿಷ್ಣುವಿನ ವಾಹನ. ನಡುವೆ ಹಕ್ಕಿಯ ಬಾಲವನ್ನು ನೋಡಿದವನು ನಾನೊಬ್ಬನೇ. ಬಾಲ ಸ್ಪಷ್ಟವಾಗಿ ಕವಲೊಡೆದಿತ್ತು. ಎಷ್ಟೋ ಸಲ ಹೇಳಿದೆ. ಸಾರ್, ನಿಮ್ಮದು ಪುಸ್ತಕದ ವಿಷಯ, ಇದು ನಂಬಿಕೆ ವಿಷಯ ಎಂದು ಒಬ್ಬರು ನನ್ನ ಭುಜ ತಟ್ಟಿ ಹೋದರು. ಭುಜ ತಟ್ಟಿದ್ದು ನನಗೆ ಬಹಳ ದಿನ ಉರಿಯಿತು.

ಆ ಬೇಸಿಗೆಯಲ್ಲಿ ಸಂಘಕ್ಕೆ ನದಿಯ ದಂಡೆಯಲ್ಲಿ ಟೈಲ್ಸ್ ಹಾಕಿದ ವಾಕಿಂಗ್ ಪಾತ್ ಮಾಡುವ ಹುಚ್ಚು ಹತ್ತಿತು. ಸಂಘದ ಅಧ್ಯಕ್ಷ ಸೇತುರಾಮ್ ನಿವೃತ್ತ ಎಂಜಿನಿಯರ್. ದಾರಿ ಎಂದರೆ ನೇರ ಇರಬೇಕು ಎಂಬುದು ಅವರ ಸಿದ್ಧಾಂತ, ಸೊಟ್ಟ ದಾರಿ ಅವರಿಗೆ ಸ್ವಂತ ಅವಮಾನ. ಅವರು ಎಳೆದ ನೇರ ಗೆರೆಯ ನಟ್ಟನಡುವೆ ಹೊಳೆಮತ್ತಿ ನಿಂತಿತ್ತು. ಬೇರೆ ಮರವಾಗಿದ್ದರೆ ಒಂದೇ ದಿನದ ಕೆಲಸ. ಆದರೆ ಗರುಡನ ಗೂಡಿರುವ ಮರಕ್ಕೆ ಕೊಡಲಿ ಹಾಕಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸೇತುರಾಮ್ ಅವರ ತಾಯಿಯೇ, ನನ್ನ ಮಾತು ಮೀರಿ ಕಡಿಸಿದರೆ ನಾನು ಊಟ ಬಿಡುತ್ತೇನೆ ಎಂದರಂತೆ. ಅಂತೂ ಪಾತ್ ಮರದ ಬಳಿ ನಾಲ್ಕು ಅಡಿ ಬಾಗುವುದು ಎಂದು ತೀರ್ಮಾನವಾಗುವುದರಲ್ಲಿತ್ತು. ಸೇತುರಾಮ್ ತಮ್ಮ ಸಮಾಧಾನಕ್ಕೆ ಕೊನೆಯ ಪ್ರಯತ್ನವೆಂದು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮತದಾನ ಇಟ್ಟರು. ಗೂಡು ಯಾರದು? ಗರುಡ, ಹದ್ದು, ಗೊತ್ತಿಲ್ಲ.

ಹಕ್ಕಿಯ ಜಾತಿಯನ್ನು ಬಹುಮತದಿಂದ ನಿರ್ಧರಿಸಿದ ಬಡಾವಣೆ ಭೂಮಿಯ ಮೇಲೆ ಇನ್ನೊಂದಿರಲಾರದು. ಗರುಡನಿಗೆ ಭಾರೀ ಗೆಲುವು. ಗೊತ್ತಿಲ್ಲ ಎಂದವರು ಮೂರೇ ಜನ, ನನ್ನ ಪ್ರಕಾರ ಬಡಾವಣೆಯಲ್ಲಿದ್ದ ಮರ್ಯಾದಸ್ಥರು ಅವರೇ. ಹದ್ದಿಗೆ ಬಿದ್ದದ್ದು ಒಂದೇ ಮತ, ನನ್ನದು. ಹೆಂಡತಿ ಕೂಡ ಗರುಡನಿಗೆ ಒತ್ತಿದ್ದಳು. ಕೇಳಿದರೆ, ಮರ ಉಳಿಯಲಿ ಅಂತ ಒತ್ತಿದೆ, ಹಕ್ಕಿ ಯಾವುದಾದರೆ ನಮಗೇನು ಎಂದಳು. ಮನೆಯೊಳಗೇ ವಿಜ್ಞಾನಕ್ಕೆ ಇಷ್ಟು ಗೌರವ ಎಂದು ನಾನು ಒಂದು ಹೊತ್ತು ಮಾತು ಬಿಟ್ಟೆ. ಅವಳು ಹೇಳಿದ್ದರಲ್ಲಿದ್ದ ಅರ್ಥ ನನ್ನ ಕಿವಿಯವರೆಗೂ ಬಂದು ಹಾಗೇ ವಾಪಸು ಹೋಯಿತು.

ಮುಂದಿನ ಭಾನುವಾರ ಸಂಘದ ಸಭೆ. ನಾನು ಬಿಳಿ ಹಲಗೆ, ಮೂರು ಬಣ್ಣದ ಪೆನ್ನು ತೆಗೆದುಕೊಂಡು ಹೋದೆ. ಯಾರೂ ಕರೆದಿರಲಿಲ್ಲ. ಎರಡು ಬಾಲ ಬರೆದೆ, ಒಂದು ದುಂಡಗೆ, ಒಂದು ಕವಲು. ನಾನೇ ತೆಗೆದ ಫೋಟೊಗಳನ್ನು ಕೈಯಿಂದ ಕೈಗೆ ಕೊಟ್ಟೆ. ಗೂಡಿನ ಅಂಚಿನಲ್ಲಿ ಜೋತಾಡುತ್ತಿದ್ದ ಹಸಿರು ಬಟ್ಟೆಯ ಪಟ್ಟಿಗಳನ್ನು ಬೆರಳಿಟ್ಟು ತೋರಿಸಿ, ಇಷ್ಟು ಚಿಂದಿ ಕೂಡಿಹಾಕುವುದು ಹದ್ದೇ ಹೊರತು ಗರುಡನಲ್ಲ ಎಂದೆ. ಗರುಡನೂ ಒಮ್ಮೊಮ್ಮೆ ಹರಕು ಬಟ್ಟೆ ಹಾಸುವುದುಂಟು ಎಂಬ ಸಣ್ಣ ಸತ್ಯವನ್ನು, ಪಾಠದ ಓಟ ಕೆಡುತ್ತದೆಂದು, ನುಂಗಿಕೊಂಡೆ. ಸತ್ಯಕ್ಕಾಗಿ ಹೋರಾಡುವವನು ಮಧ್ಯೆ ಒಂದು ಸತ್ಯವನ್ನು ನುಂಗುವುದು ಎಷ್ಟು ಸುಲಭ ನೋಡಿ. ಕಣ್ಣಿಗೆ ಕಾಣುವುದನ್ನು ನೋಡದೆ ಕೆನ್ನೆ ಬಡಿದುಕೊಳ್ಳುವ ಜನರ ಬಗ್ಗೆ ಎರಡು ಚುರುಕು ಮಾತನ್ನೂ ಸೇರಿಸಿದೆ. ಸಭೆ ನಿಶ್ಶಬ್ದವಾಯಿತು. ಮೂವತ್ತು ವರ್ಷದ ಪಾಠದಲ್ಲಿ ಅಂಥ ನಿಶ್ಶಬ್ದ ನನಗೆ ಸಿಕ್ಕಿರಲಿಲ್ಲ.

ಬಾಗಿಲ ಬಳಿ ಹೊಂಬಾಳಮ್ಮ ನಿಂತಿದ್ದರು. ಮರದ ವಿಷಯ ಎಂದು ತಿಳಿದು ಬಂದಿದ್ದರು. ನಾನು ಮಾತನಾಡುವಷ್ಟು ಹೊತ್ತೂ ಅವರು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಓದುಬರಹ ಇಲ್ಲದ ಹೆಂಗಸು, ತಾನು ಇಷ್ಟು ವರ್ಷ ನಂಬಿದ್ದು ತಪ್ಪೆಂದು ಗೊತ್ತಾಗಿ ಬೆರಗಾಗಿದ್ದಾರೆ ಎಂದುಕೊಂಡೆ. ಅವರಿಗೆ ಅರ್ಥವಾಗಲೆಂದು ಕವಲು ಬಾಲವನ್ನು ಇನ್ನೊಮ್ಮೆ, ದೊಡ್ಡದಾಗಿ ಬರೆದೆ.

ಸೇತುರಾಮ್ ಎದ್ದು ನಿಂತು ನನ್ನ ಕೈ ಕುಲುಕಿದರು. "ಸಾರ್, ಇದು ಗರುಡ ಅಲ್ಲ ಅಂತ ನೀವು ರೈಟಿಂಗಲ್ಲಿ ಕೊಡ್ತೀರಾ?" ಎಂದು ಕೇಳಿದರು.

ಕೊಟ್ಟೆ. ಎರಡು ಪುಟ. ಹಕ್ಕಿಯ ಲ್ಯಾಟಿನ್ ಹೆಸರಿಗೆ ಅಡಿಗೆರೆ ಎಳೆದು, ನಿವೃತ್ತ ಪ್ರಾಧ್ಯಾಪಕ ಎಂದು ಕೆಳಗೆ ಸಹಿ ಹಾಕಿ ಕೊಟ್ಟೆ. ಅದು ಯಾತಕ್ಕೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಡಿ. ಗೊತ್ತಿತ್ತು. ಆದರೆ ಮರದ ಪ್ರಶ್ನೆ ಬೇರೆ, ಹಕ್ಕಿಯ ಪ್ರಶ್ನೆ ಬೇರೆ, ನನ್ನನ್ನು ಕೇಳಿದ್ದು ಎರಡನೆಯದು ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಸಂಘದವರು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಮರ ಕಡಿಯಲು ಪಾಲಿಕೆಯ ಅನುಮತಿಯ ಕಾಗದ ಬಂತು. ಒಂದು ಶನಿವಾರ ಬೆಳಿಗ್ಗೆ ಯಂತ್ರದ ಗರಗಸ ಬಂತು. ಮರಿಗಳು ಆಗಲೇ ಹಾರಿಹೋಗಿದ್ದವು, ಅದೊಂದನ್ನು ಹಿಡಿದುಕೊಂಡು ನಾನು ಎಷ್ಟೋ ತಿಂಗಳು ನಿದ್ದೆ ಮಾಡಿದ್ದೇನೆ. ಗೂಡನ್ನು ಒಳಗಿನಿಂದ ನೋಡುವ ಅವಕಾಶ ಸಿಗುತ್ತದೆ ಎಂದು ನಾನು ಪುಸ್ತಕ ಪೆನ್ನು ಸಮೇತ ಹೋಗಿ ನಿಂತಿದ್ದೆ. ನನ್ನ ವಿದ್ಯೆಯ ಹಸಿವು ಎಂಥದೆಂದು ನೀವೇ ನೋಡಿ. ಮರ ದಂಡೆಯುದ್ದಕ್ಕೆ ವಾಲಿ ಬಿತ್ತು. ಗೂಡು ಹಾರಿ ದಂಡೆಯ ಮೇಲೆ ಒಡೆದು ಹರಡಿಕೊಂಡಿತು. ಒಂದು ಮಾಸ್ಕು, ಟೈಲರ್ ಟೇಪಿನ ತುಂಡು, ಹಾಲಿನ ಪ್ಯಾಕೆಟ್ಟು, ಕೋಳಿಯ ಮೂಳೆ, ಮತ್ತು ಹಸಿರು ಬಟ್ಟೆಯ ಪಟ್ಟಿಗಳು. ಬಗ್ಗಿ ನೋಡಿದೆ. ಹಕ್ಕಿ ಎಲ್ಲೋ ಹೆಕ್ಕಿದ ಚಿಂದಿಯಲ್ಲ ಅವು. ಒಂದೇ ಹಳೆಯ ಸೀರೆಯನ್ನು ಗೇಣಗಲಕ್ಕೆ, ಅಂಚು ನೇರವಾಗಿ, ಯಾರೋ ಕೂತು ಹರಿದ ಪಟ್ಟಿಗಳು.

ಹೊಂಬಾಳಮ್ಮ ಹಸುವಿನ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದವರು ಬಂದು ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಪಟ್ಟಿಯನ್ನು ಹೆಕ್ಕಿ, ಮಣ್ಣು ಕೊಡವಿ, ಮಡಿಲಲ್ಲಿ ಹಾಕಿಕೊಂಡರು. ಪ್ರತಿ ವರ್ಷ ಗೂಡು ಕಟ್ಟುವ ಕಾಲಕ್ಕೆ ಅವರು ಹಳೇ ಸೀರೆ ಹರಿದು ಪಕ್ಕದ ಕಾಂಪೌಂಡಿನ ಮೇಲೆ ಇಡುತ್ತಿದ್ದರಂತೆ. ಪಕ್ಕದಲ್ಲಿದ್ದ ಗರಗಸದವನು ಹೇಳಿದ, ಅವನೂ ಇಟ್ಟಮಡುವಿನವನೇ. ನಾನು ಸಭೆಯಲ್ಲಿ ಬೆರಳಿಟ್ಟು ತೋರಿಸಿದ ಪುರಾವೆ ಅದೇ. ಅವರು ನನ್ನನ್ನು ನೋಡಲಿಲ್ಲ, ಬೈಯಲಿಲ್ಲ. ಹಸು ಹೊಡೆದುಕೊಂಡು ಹೋದವರು ಆಮೇಲೆ ಆ ಕಡೆ ಬರಲಿಲ್ಲ. ಆ ಬೇಸಿಗೆಯಲ್ಲೇ ಹಸುವನ್ನು ಮಾರಿದರೆಂದು ಕೇಳಿದೆ.

ಪಾತ್ ನೇರವಾಗಿ ಆಯಿತು. ನೆರಳಿಲ್ಲದ ಮೇಲೆ ಎಂಟು ಗಂಟೆಗೇ ಟೈಲ್ಸ್ ಕಾದು, ವಾಸನೆ ಇಮ್ಮಡಿಯಾಗಿ, ಮೂರು ತಿಂಗಳಲ್ಲಿ ಅಲ್ಲಿ ಓಡಾಡುವವರು ನಾಯಿಗಳಷ್ಟೇ ಆದರು. ಪಕ್ಷಿ ಬಳಗ ಸುಬ್ರಹ್ಮಣ್ಯಪುರದ ಕಡೆಗೆ ಹೊಸ ಪಕ್ಷಿಗಳನ್ನೂ ಹೊಸ ಹೋಟೆಲನ್ನೂ ಹುಡುಕಿಕೊಂಡು ಹೋಯಿತು. ನಾನು ನಾಲ್ಕು ವರ್ಷ ಎಲ್ಲರನ್ನೂ ಆಡಿಕೊಂಡು ಕಳೆದೆ. ಸೇತುರಾಮರ ನೇರ ಗೆರೆ, ಬಳಗದ ಫೋನು, ಕೆನ್ನೆ ಬಡಿದುಕೊಂಡವರು ಮರ ಬೀಳುವಾಗ ಒಬ್ಬರೂ ಬಾರದೆ ಇದ್ದದ್ದು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವುದು ಎನ್ನುತ್ತಾರಲ್ಲ, ಆ ಪಂಕ್ತಿಯಲ್ಲಿ ಮೊದಲ ಎಲೆ ನನ್ನದು.

ಇವತ್ತು ಬನಿಯನ್ ಹೋದ ಮೇಲೆ, ಮಧ್ಯಾಹ್ನ ಮಲಗಲು ಆಗದೆ, ಇಟ್ಟಮಡುವಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಂಬಾಳಮ್ಮ ಕೆಳಗಿನ ಮನೆಯ ಮುಂದೆ, ಬಾಡಿಗೆಯವರ ಸ್ಕೂಟರುಗಳ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣು ಮಂಜಾಗಿದೆ, ಆದರೂ ಗುರುತು ಹಿಡಿದರು. ಹಕ್ಕಿ ಮೇಷ್ಟ್ರು ಅಲ್ವಾ ಎಂದರು. ಕೂರಲು ಇನ್ನೊಂದು ಕುರ್ಚಿ ತರಿಸಿದರು. ಹಸುವಿನ ವಿಷಯ ಕೇಳಿದೆ. ಕಟ್ಟಾಕೋಕೆ ಜಾಗ ಎಲ್ಲಿದೆ ಎಂದರು. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ಬಂದದ್ದು ಮತ್ತೆ ವಾದ.

"ಅಮ್ಮ, ಅವತ್ತು ನಾನು ಹೇಳಿದ್ದು ಸುಳ್ಳಲ್ಲ. ಅದು ಹದ್ದೇ ಆಗಿತ್ತು."

"ಯಾರು ಸುಳ್ಳು ಅಂದ್ರು ಮೇಷ್ಟ್ರೇ?" ಎಂದರು ಹೊಂಬಾಳಮ್ಮ. "ಹದ್ದು ಅಂತ ನಿಮಗಿಂತ ಮುಂಚೆ ನಂಗೆ ಗೊತ್ತು. ಎಷ್ಟು ಕೋಳಿಮರಿ ಕಳ್ಕೊಂಡಿದೀನಿ ನಾನು ಅದಕ್ಕೆ. ನಿಮ್ಮ ಬಡಾವಣೆಯೋರಿಗೆ ಮರ ಅಂದ್ರೆ ಕಿವಿ ಕೇಳ್ಸಲ್ಲ, ದೇವ್ರು ಅಂದ್ರೆ ಕೇಳ್ಸುತ್ತೆ. ಅದಕ್ಕೇ ಗರುಡ ಅಂದೆ."

ಮೇಲಿನ ಮನೆಯ ಹೆಂಗಸು ಬಕೆಟ್ಟು ಹಿಡಿದು ಇಳಿದು ಬಂದಳು, ಹೊಂಬಾಳಮ್ಮ ಕಾಲು ಒಳಗೆಳೆದುಕೊಂಡು ಅವಳಿಗೆ ದಾರಿ ಬಿಟ್ಟರು.

"ಗರುಡ ಅಂತ ಹೇಳಿ ಅಂತ ನಿಮ್ಮನ್ನ ನಾನು ಕೇಳ್ಲಿಲ್ಲ," ಎಂದರು ಆಮೇಲೆ. ಕೋಪವಿರಲಿಲ್ಲ, ದಣಿವಿತ್ತು. "ಓದಿದೋರು, ಸುಳ್ಳು ಹೇಳಕ್ಕಾಗಲ್ಲ ಅಂತ ನಂಗೂ ಗೊತ್ತಾಗುತ್ತೆ. ಬಾಗಿಲಲ್ಲಿ ನಿಂತ್ಕೊಂಡು ನಿಮ್ಮನ್ನೇ ನೋಡ್ತಿದ್ದೆ. ಸುಮ್ನಿರ್ರಪ್ಪ, ಒಂದು ಗಳಿಗೆ ಸುಮ್ನಿರಿ ಅಂತ. ಅಷ್ಟೇ ಕೇಳ್ಕೊಂಡಿದ್ದು."

ನಾನು ಅವರ ಮುಖ ನೋಡಲಾರದೆ ಸ್ಕೂಟರಿನ ಚಕ್ರ ನೋಡುತ್ತಾ ಕೂತೆ. ಒಂದು ಗೂಡಿನ ಕೆಳಗೆ ಬಿದ್ದ ಮೂಳೆಯಿಂದ ಹಕ್ಕಿಯನ್ನು ಗುರುತಿಸಬಲ್ಲವನು ನಾನು. ನಾಲ್ಕು ಮಾರು ದೂರದಲ್ಲಿ ನಿಂತು ಬೇಡಿಕೊಳ್ಳುತ್ತಿದ್ದ ಹೆಂಗಸಿನ ಕಣ್ಣು ನೋಡಿ, ನನ್ನ ಪಾಂಡಿತ್ಯಕ್ಕೆ ಬೆರಗಾಗಿದ್ದಾರೆ ಎಂದು ಓದಿದ್ದೆ. ನಾಚಿಕೆಯಾಯಿತು. ಹೊಂಬಾಳಮ್ಮ ಕಾಫಿ ಕುಡೀತೀರಾ ಎಂದು ಕೇಳಿದರು. ಬೇಡ ಎನ್ನುವ ಯೋಗ್ಯತೆಯೂ ನನಗಿಲ್ಲ ಅನ್ನಿಸಿ, ಆಗಲಿ ಎಂದು ತಲೆಯಾಡಿಸಿದೆ.